ಮಳೆಯಲ್ಲಿ ನಾಯಿ ಜೊತೆ ಕ್ಯಾಂಪರ್ ವ್ಯಾನ್: ಮೂರು ವರ್ಷ ಬಳಸಿದ ಮೇಲೆ

ನಮ್ಮದು ಐದು ಸೀಟಿನ ಮಾರುತಿ ಈಕೋ. ಸೆಕೆಂಡ್ ಹ್ಯಾಂಡ್ ಕೊಂಡು, ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಒಳಗೆ ಮಲಗುವ ಹಾಗೆ ಮಾಡಿಸಿದೆವು. ಈಗ ಮೂರು ವರ್ಷ ಆಯಿತು. ಹೋಗುವವರು ನಾನು, ನಮ್ಮ ಯಜಮಾನರು ಮತ್ತು ಕಾಳಿ. ಕಾಳಿ ನಮ್ಮ ಬೀದಿಯಲ್ಲೇ ಹುಟ್ಟಿದ ನಾಯಿ, ತೂಕ 18 ಕೆಜಿ. ಅವಳನ್ನು ಬಿಟ್ಟು ಹೋಗಲು ನಮಗೆ ಮನಸ್ಸಿಲ್ಲ. ನಾಯಿಯನ್ನು ಒಳಗೆ ಬಿಡುವ ಲಾಡ್ಜ್ ಸಿಗುವುದು ಕಷ್ಟ. ಅದಕ್ಕೇ ಈ ವ್ಯಾನ್.

ಮೊದಲೇ ಅಂಕ ಹೇಳಿಬಿಡುತ್ತೇನೆ. ಗಾಡಿಗೆ ಐದಕ್ಕೆ ನಾಲ್ಕು. ವರ್ಕ್‌ಶಾಪಿನ ಕೆಲಸಕ್ಕೆ ಎರಡು.

ಮೇ ಕೊನೆಯ ವಾರ ಸಕಲೇಶಪುರ, ಮೂಡಿಗೆರೆ ಕಡೆ ಎರಡು ರಾತ್ರಿ ಇದ್ದು ಬಂದೆವು. ರೋಹಿಣಿ ಮಳೆಯ ದಿನಗಳು. ಮುಂಗಾರು ಇನ್ನೂ ಹಿಡಿದಿರಲಿಲ್ಲ. ಬೆಳಿಗ್ಗೆ ಚುರುಕು ಬಿಸಿಲು, ಮಧ್ಯಾಹ್ನ ಮೂರಕ್ಕೆ ಕತ್ತಲೆ ಕವಿದು ಗುಡುಗು, ರಾತ್ರಿಯೆಲ್ಲಾ ಸುರಿಮಳೆ. ಜುಲೈನಲ್ಲಾದರೆ ದಿನವಿಡೀ ಮಳೆ ಅಂತ ಗೊತ್ತಿರುತ್ತದೆ, ರೇನ್‌ಕೋಟ್ ಬಿಚ್ಚುವುದೇ ಇಲ್ಲ. ಈ ಮೇ ತಿಂಗಳ ಮಳೆ ಹಾಗಲ್ಲ. ಗಂಟೆಗೊಂದು ಹವೆ. ವ್ಯಾನಿನ ಒಳಗಿನ ಒಂದೊಂದು ತಪ್ಪೂ ಇಂಥ ದಿನಗಳಲ್ಲೇ ಕಾಣುವುದು.

ನಮ್ಮ ವ್ಯಾನ್ ನೋಡಿದವರೆಲ್ಲಾ ಮಂಚ ಎಷ್ಟು ಉದ್ದ, ಅಡುಗೆ ಎಲ್ಲಿ ಮಾಡ್ತೀರಿ ಅಂತ ಕೇಳುತ್ತಾರೆ. ಒದ್ದೆ ನಾಯಿ ಎಲ್ಲಿ ನಿಲ್ಲುತ್ತದೆ ಅಂತ ಯಾರೂ ಕೇಳಿಲ್ಲ. ನಾವೂ ಮಾಡಿಸುವಾಗ ಕೇಳಿಕೊಳ್ಳಲಿಲ್ಲ. ವರ್ಕ್‌ಶಾಪಿನವರು ಎಡಗಡೆಯ ಸ್ಲೈಡಿಂಗ್ ಬಾಗಿಲ ಹತ್ತಿರವೇ ಪುಟ್ಟ ಸಿಂಕ್, ಅದರ ಕೆಳಗೆ ಕಪಾಟು ಕೂರಿಸಿಕೊಟ್ಟರು. ಫೋಟೋದಲ್ಲಿ ಬಹಳ ಚೆಂದ. ಮೊದಲ ಮಳೆಗಾಲದಲ್ಲಿ ಕಾಳಿ ಕೆಸರು ಕಾಲಲ್ಲಿ ಹತ್ತಿದಳು. ನಿಲ್ಲಲು ಜಾಗವೇ ಇಲ್ಲ, ನೇರ ಹಾಸಿಗೆ ಮೇಲೆ ಹಾರಿದಳು. ಫೋಮ್ ನೀರು ಕುಡಿಯಿತು. ಉಳಿದ ಎರಡು ರಾತ್ರಿ ಆ ವಾಸನೆಯಲ್ಲೇ ಮಲಗಿದೆವು. ಕಾಳಿಗೂ ಚಳಿ ಹಿಡಿದು ನಡುಗುತ್ತಿದ್ದಳು. ಅದು ಅವಳ ತಪ್ಪಲ್ಲ.

ಮಲೆನಾಡಿನ ಮನೆಗಳಿಗೆ ಜಗಲಿ ಇರುವುದು ಸುಮ್ನೆ ಅಲ್ಲ. ಕೊಡೆ, ಚಪ್ಪಲಿ, ಒದ್ದೆ ಕಂಬಳಿ ಎಲ್ಲಾ ಅಲ್ಲೇ ಉಳಿಯುತ್ತವೆ. ಮನುಷ್ಯ ಒಣಗಿ ಒಳಗೆ ಹೋಗುತ್ತಾನೆ. ವ್ಯಾನಿಗೂ ಒಂದು ಜಗಲಿ ಬೇಕು. ನಾವು ಸಿಂಕ್ ಕಿತ್ತು ಹಾಕಿದೆವು. ಈಗ ಬಾಗಿಲಿಂದ ಮಂಚದವರೆಗೆ ಒಂದೂವರೆ ಅಡಿ ಖಾಲಿ. ಅಲ್ಲಿ ರಬ್ಬರ್ ಮ್ಯಾಟ್, ಅದರ ಮೇಲೆ ಅಂಚಿರುವ ಅಗಲದ ಪ್ಲಾಸ್ಟಿಕ್ ಟ್ರೇ. ಕಾಳಿ ಹತ್ತಿ ಟ್ರೇಯಲ್ಲಿ ನಿಲ್ಲುತ್ತಾಳೆ. ನಾಲ್ಕು ಕಾಲು, ಹೊಟ್ಟೆ, ಕಿವಿ ಒರೆಸಿ 'ಹೋಗು' ಅಂದ ಮೇಲೆಯೇ ಮೇಲೆ ಹತ್ತುವುದು. ಕಲಿಸಲು ಎರಡು ಪ್ರವಾಸ ಬೇಕಾಯಿತು.

ಒರೆಸಲು ದಪ್ಪ ಟವಲ್ ಬೇಡ. ಅದು ಒಣಗುವುದೇ ಇಲ್ಲ. ಹಳೆಯ ಹತ್ತಿ ಪಂಚೆ ನಾಲ್ಕು ಇಟ್ಟುಕೊಳ್ಳಿ. ಈಕೋದ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಅಲ್ಲಿ ಸದಾ ಒಂದಿಷ್ಟು ಕಾವು. ಒದ್ದೆ ಪಂಚೆಯನ್ನು ಮುಂದಿನ ಸೀಟಿನ ಬೆನ್ನಿಗೆ ಹರಡಿದರೆ ಹಾಸನದಿಂದ ಸಕಲೇಶಪುರ ಮುಟ್ಟುವಷ್ಟರಲ್ಲಿ ಮುಕ್ಕಾಲು ಒಣಗಿರುತ್ತದೆ.

ಇನ್ನು ಗುಡುಗು. ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನು ನಾಯಿಯ ಕಿವಿಯಿಂದ ಕೇಳಿ ನೋಡಿ! ವರ್ಕ್‌ಶಾಪಿನವರು ಮೇಲೆ ಅಂದದ ಬಟ್ಟೆ ಅಂಟಿಸಿದ್ದರು, ಅದರ ಹಿಂದೆ ಏನೂ ಹಾಕಿರಲಿಲ್ಲ. ದುಡ್ಡು ಮಾತ್ರ ಇನ್ಸುಲೇಷನ್ ಸೇರಿಸಿಯೇ ತೆಗೆದುಕೊಂಡಿದ್ದರು. ಇದು ನನಗೆ ಇವತ್ತಿಗೂ ಬೇಜಾರು. ಎರಡನೇ ವರ್ಷ ಬಟ್ಟೆ ಬಿಚ್ಚಿ, ಎಸಿ ಪೈಪಿಗೆ ಸುತ್ತುವ ನೈಟ್ರೈಲ್ ರಬ್ಬರ್ ಶೀಟನ್ನು ನಾವೇ ಅಂಟಿಸಿದೆವು. ಸದ್ದು ಅರ್ಧಕ್ಕೆ ಇಳಿಯಿತು. ಬಿಸಿಲಿನ ಕಾವೂ ಕಡಿಮೆ ಆಯಿತು. ಆದರೂ ಈ ಸಲ ಸಿಡಿಲು ಹತ್ತಿರದಲ್ಲೇ ಹೊಡೆದಾಗ ಕಾಳಿ ನನ್ನ ಹೊಟ್ಟೆಗೆ ತಲೆ ಒತ್ತಿಕೊಂಡು ನಡುಗಿದಳು. ಕಂಬಳಿ ಹೊದಿಸಿ, ಬೆನ್ನ ಮೇಲೆ ಕೈಯಿಟ್ಟು ಕೂತೆ. ಕಬ್ಬಿಣದ ಗೂಡಿನ ಒಳಗಿದ್ದರೆ ಸಿಡಿಲಿನ ಭಯ ಬೇಡ. ವಿದ್ಯುತ್ತು ಹೊರಮೈಯಲ್ಲೇ ಹರಿದು ಭೂಮಿ ಸೇರುತ್ತದೆ. ಕಿಟಕಿ ಏರಿಸಿ, ಕಬ್ಬಿಣ ಮುಟ್ಟದೆ ಇದ್ದರೆ ಸಾಕು. ಅದನ್ನು ನಾಯಿಗೆ ಹೇಗೆ ಹೇಳುವುದು? ನಾವು ಗಾಬರಿಯಾಗದೆ ಪಕ್ಕದಲ್ಲಿ ಇರುವುದೊಂದೇ ದಾರಿ.

ಗುಡುಗು ನಿಂತ ಮೇಲೆ ಗಾಳಿಯ ಕಡೆ ಗಮನ ಕೊಡಿ. ಇಬ್ಬರು ಮನುಷ್ಯರು, ಒಂದು ಒದ್ದೆ ನಾಯಿ, ಮುಚ್ಚಿದ ವ್ಯಾನ್. ಬೆಳಗಾಗುವಷ್ಟರಲ್ಲಿ ಗಾಜಿನಿಂದ ನೀರು ಇಳಿಯುತ್ತದೆ, ಹಾಸಿಗೆಯ ಅಡಿ ಬೂಷ್ಟು. ನಾವು ಮುಂದಿನ ಎರಡೂ ಗಾಜಿಗೆ ರೈನ್ ವೈಸರ್ (ಮಳೆ ಒಳಬರದಂತೆ ಗಾಜಿನ ಮೇಲೆ ಕೂರುವ ಪಟ್ಟಿ) ಹಾಕಿಸಿ, ರಾತ್ರಿ ಎರಡು ಬೆರಳಷ್ಟು ಇಳಿಸಿ, ಸೊಳ್ಳೆ ಪರದೆ ಅಂಟಿಸುತ್ತೇವೆ. ಎಷ್ಟೇ ಮಳೆ ಬರಲಿ, ಒಳಗೆ ಸ್ಟೌ ಹಚ್ಚುವುದಿಲ್ಲ. ಎಸಿಗಾಗಿ ಎಂಜಿನ್ ಓಡಿಸಿಕೊಂಡು ಮಲಗುವುದಿಲ್ಲ. ಎರಡರಿಂದಲೂ ಬರುವ ಕಾರ್ಬನ್ ಮೊನಾಕ್ಸೈಡ್ ವಿಷ, ಅದಕ್ಕೆ ವಾಸನೆ ಇಲ್ಲ.

ರಾತ್ರಿ ನಿಲ್ಲಿಸಲು ನಮಗೆ ಸಿಕ್ಕಿರುವ ಅತಿ ಒಳ್ಳೆಯ ಜಾಗ ಕಾಫಿ ಕಣ, ಅಂದರೆ ತೋಟದವರು ಕಾಫಿ ಒಣಗಿಸುವ ಅಂಗಳ. ಕೊಯ್ಲು ನವೆಂಬರ್‌ನಲ್ಲಿ ಶುರುವಾಗಿ ಫೆಬ್ರವರಿ ಕಡೆಗೆ ಮುಗಿಯುತ್ತದೆ, ಮಳೆಗಾಲದಲ್ಲಿ ಕಣ ಖಾಲಿ. ಸಿಮೆಂಟಿನ ನೆಲ, ನೀರು ನಿಲ್ಲದ ಹಾಗೆ ಇಳಿಜಾರು. ಒದ್ದೆ ಹುಲ್ಲಿನ ಮೇಲೆ ನಿಲ್ಲಿಸಿ ಚಕ್ರ ಹೂತು, ಟ್ರ್ಯಾಕ್ಟರ್ ಕರೆಸಿದ ಪಾಠ ನಮಗಿದೆ. ಹೋಮ್‌ಸ್ಟೇ ನಡೆಸುವ ತೋಟದವರಿಗೆ ಮೊದಲೇ ಫೋನ್ ಮಾಡಿ, ನಾಯಿ ಇದೆ ಅಂತ ಹೇಳಿ, ಬಾತ್‌ರೂಮಿಗೂ ಜಾಗಕ್ಕೂ ದುಡ್ಡು ಕೊಟ್ಟು ಉಳಿಯುತ್ತೇವೆ. ಈ ಸಲ ಸಂಜೆ ತೋಟದ ಲೆಕ್ಕ ನೋಡುವ ರೈಟರ್ ಬಂದು ಹೇಳಿದರು: "ಅಕ್ಕ, ಕತ್ತಲಾದ ಮೇಲೆ ನಾಯಿ ಇಳಿಸ್ಬೇಡಿ. ಚಿರತೆ ಓಡಾಡ್ತಿದೆ. ಆನೇನೂ ಮೇಲಿನ ತೋಟದಲ್ಲೇ ಇದೆ." ಸಕಲೇಶಪುರ, ಆಲೂರು ಕಡೆ ಆನೆ ತೋಟಕ್ಕೆ ಬರುವುದು ಹೊಸದಲ್ಲ. ರಸ್ತೆ ಬದಿಯಲ್ಲಿ ವ್ಯಾನ್ ಹಾಕಿ ಮಲಗುವ ಯೋಚನೆ ದಯವಿಟ್ಟು ಬಿಡಿ. ನಾಯಿ ಬೊಗಳಿದರೆ ಆನೆ ಕೆರಳುತ್ತದೆ. ಚಾರ್ಮಾಡಿ ಘಾಟಿಯಲ್ಲೂ ಜಲಪಾತ ಕಂಡಿತು ಅಂತ ನಿಲ್ಲಿಸಬೇಡಿ. 2019ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿತ್ತು.

ಹೊರಡುವ ಮುಂಚೆ ಕಾಳಿಗೆ ಡಾಕ್ಟರ್ ಹೇಳಿದ ಉಣುಗಿನ ಮಾತ್ರೆ ಕೊಡುತ್ತೇವೆ. ಇಲಿ ಜ್ವರದ ಲಸಿಕೆ ಪ್ರತಿ ವರ್ಷ ಹಾಕಿಸುತ್ತೇವೆ, ನಿಂತ ನೀರು ಕುಡಿಯುವುದನ್ನು ತಪ್ಪಿಸಲು ಆಗುವುದಿಲ್ಲ ಅಲ್ವಾ. ಉಣುಗು ಮನುಷ್ಯರಿಗೂ ಒಳ್ಳೆಯದಲ್ಲ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. 1957ರಲ್ಲಿ ಅದು ಮೊದಲು ಕಂಡದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಇಂಬಳಕ್ಕೆ ಒಂದು ಬಾಟಲಿ ಉಪ್ಪು ನೀರು ಬಾಗಿಲ ಬಳಿಯೇ ಇರುತ್ತದೆ. ಕಾಲ್ಬೆರಳ ಸಂದಿ ನೋಡುವುದು ಮರೆಯಬೇಡಿ.

ಬಿಸಿಲಿನ ಬಗ್ಗೆಯೂ ಒಂದು ಮಾತು. ಮೋಡ ಇದೆ ಅಂತ ನಾಯಿಯನ್ನು ವ್ಯಾನಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಮೋಡ ಸರಿದರೆ ಹತ್ತೇ ನಿಮಿಷದಲ್ಲಿ ಒಳಗೆ ಉಸಿರು ಕಟ್ಟುತ್ತದೆ. ಕೊಟ್ಟಿಗೆಹಾರದಲ್ಲಿ ನಾವು ಒಬ್ಬರಾದ ಮೇಲೆ ಒಬ್ಬರು ಹೋಗಿ ನೀರ್‌ದೋಸೆ ತಿಂದು ಬಂದೆವು.

ಸೋಲಾರ್ ಪ್ಯಾನೆಲ್ ಮೋಡದ ದಿನ ಲೆಕ್ಕಕ್ಕಿಲ್ಲ. ಗಾಡಿ ಓಡುವಾಗಲೇ ಒಳಗಿನ ಬಳಕೆಯ ಬ್ಯಾಟರಿ ಚಾರ್ಜ್ ಆಗುವ ಹಾಗೆ ಮಾಡಿಸಿ.

ಹೊಸದಾಗಿ ಮಾಡಿಸುವವರಿಗೆ ಇನ್ನೊಂದು ಮಾತು. ಸೀಟು ಕಿತ್ತು, ಮಾಡು ಕತ್ತರಿಸುವ ಕೆಲಸಕ್ಕೆ ಒಪ್ಪಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಗಟ್ಟಿ ಮಾಡಿತು. ನಮ್ಮ ಮಂಚ ಪ್ಲೈವುಡ್ಡಿನದು. ಬೇಕೆಂದಾಗ ಎತ್ತಿ ಹೊರಗಿಡಬಹುದು.

ಉಳಿದಿರುವುದು ಬಾಗಿಲ ಮೇಲಿನ ಟಾರ್ಪಾಲ್. ಈ ಸಲ ನೀರು ನಿಂತು ಜೋತು, ಗಾಳಿಗೆ ಹಗ್ಗ ಕಟ್ಟುವ ಕಣ್ಣು ಹರಿದು, ಕಾಳಿಯ ತಲೆ ಮೇಲೇ ಸುರಿಯಿತು. ಹೊರಗಿನ ಅಂಚನ್ನು ಒಂದು ಅಡಿ ತಗ್ಗಿಸಿ, ಮಧ್ಯಕ್ಕೆ ಒಂದು ಕೋಲು ಕೊಡಬೇಕು. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅನ್ನುತ್ತಾರೆ. ಅಷ್ಟರೊಳಗೆ ಹೊಲಿಸಿ, ಕಟ್ಟಿ, ಇನ್ನೊಮ್ಮೆ ಹೋಗಿ ನೋಡುತ್ತೇವೆ.