ಲಿವರಿನ ಸೈನುಸಾಯ್ಡ್ ಕೋಶಕ್ಕೆ ಯಾವ ಆ್ಯಂಟಿಬಾಡಿ?

ಲಿವರಿನ ಸಣ್ಣ ರಕ್ತನಾಳಗಳಾದ ಸೈನುಸಾಯ್ಡ್‌ಗಳ ಒಳಗೋಡೆಯ ಕೋಶಗಳನ್ನು ಸೆಕ್ಷನ್‌ನಲ್ಲಿ ಗುರುತಿಸಲು, ಅವುಗಳ ಪ್ರೋಟೀನಿಗೆ ಅಂಟಿ ಬಣ್ಣ ತೋರಿಸುವ ಆ್ಯಂಟಿಬಾಡಿ ಬೇಕು. ರಕ್ತನಾಳದ ಒಳಪದರದ ಸಾಮಾನ್ಯ ಗುರುತಾದ ಸಿಡಿ31 ಎಲ್ಲ ಲ್ಯಾಬಿನ ಫ್ರಿಜ್ಜಿನಲ್ಲೂ ಇರುತ್ತದೆ, ಹಾಗಾಗಿ ಮೊದಲು ಕೈ ಹೋಗುವುದು ಅದಕ್ಕೇ. ಲಿವರಿನಲ್ಲಿ ಮಾತ್ರ ಅದನ್ನೊಂದನ್ನೇ ನಂಬುವಂತಿಲ್ಲ. ಒಂದೇ ಬ್ಲಾಕಿನ ಪಕ್ಕಪಕ್ಕದ ಸೆಕ್ಷನ್‌ಗಳಿಗೆ ಬೇರೆಬೇರೆ ಆ್ಯಂಟಿಬಾಡಿ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಸಿಡಿ31 ಸ್ಲೈಡಿನಲ್ಲಿ ಪೋರ್ಟಲ್ (ಲಿವರಿಗೆ ರಕ್ತ ತರುವ) ನಾಳದ ಅಂಚು ಕಡುಕಂದು, ಸೈನುಸಾಯ್ಡ್ ಬರೀ ಮಸುಕು ಗೆರೆ. ಆರೋಗ್ಯದ ಲಿವರಿನಲ್ಲಿ ಈ ಕೋಶಗಳ ಮೇಲ್ಮೈಯಲ್ಲಿ ಸಿಡಿ31 ಕಡಿಮೆ.

ಲೈವ್-1 (LYVE-1) ಎಂಬ ಇನ್ನೊಂದು ಗುರುತಿನ ಆ್ಯಂಟಿಬಾಡಿ ಚೆಂದವಾಗಿ ಹತ್ತುತ್ತದೆ. ಆದರೆ ಮನುಷ್ಯರ ಲಿವರಿನಲ್ಲಿ ಪೋರ್ಟಲ್ ಸುತ್ತಲಿನ ಒಂದನೇ ವಲಯ ಬಿಳಿಯಾಗಿಯೇ ಉಳಿಯುತ್ತದೆ. ಅದನ್ನು ಕಂಡು ಸ್ಟೇನ್ ಕೆಟ್ಟಿತೆಂದು ಆ್ಯಂಟಿಬಾಡಿ ಗಟ್ಟಿ ಮಾಡಬೇಡಿ. ಪೋರ್ಟಲ್ ಭಾಗದ ದುಗ್ಧರಸ (ಲಿಂಫ್) ನಾಳಗಳಿಗೂ ಅದು ಹತ್ತುತ್ತದೆ.

ಮೂರನೆಯ ಗುರುತು ಸಿಡಿ32ಬಿ; ಅದರ ಆ್ಯಂಟಿಬಾಡಿ ಕೊಳ್ಳುವಾಗ ಲೇಬಲ್ ಓದಿ. ಬರೀ 'ಸಿಡಿ32' ಎಂದಿದ್ದರೆ ಎ, ಬಿ ಎರಡನ್ನೂ ಹಿಡಿಯಬಹುದು, ಕುಪ್ಫರ್ ಕೋಶಗಳೂ (ಲಿವರಿನ ಮ್ಯಾಕ್ರೋಫೇಜ್‌ಗಳು) ಬಣ್ಣ ತಾಳುತ್ತವೆ. ಇಲಿಯ ಕೋಶಗಳನ್ನು ಫ್ಲೋ ಸೈಟೋಮೆಟ್ರಿಯಲ್ಲಿ ನೋಡುವವರು ರೂಢಿಯಂತೆ 2.4ಜಿ2 ಕ್ಲೋನಿನಿಂದ ಎಫ್‌ಸಿ ಬ್ಲಾಕ್ (ಆ್ಯಂಟಿಬಾಡಿ ಬೇಡದ ಕಡೆ ಅಂಟದಂತೆ ತಡೆಯುವುದು) ಮಾಡಿದರೆ, ಆ ಕ್ಲೋನ್ ಸಿಡಿ32ಕ್ಕೇ ಅಂಟುವುದರಿಂದ ಹುಡುಕುವ ಗುರುತನ್ನೇ ತಾವಾಗಿ ಮುಚ್ಚಿದಂತೆ.

ನಮ್ಮ ಆಯ್ಕೆ ಸ್ಟ್ಯಾಬಿಲಿನ್-2 ಎಂಬ ಗುರುತಿನ ಆ್ಯಂಟಿಬಾಡಿ. ಪೋರ್ಟಲ್ ರಕ್ತನಾಳಗಳನ್ನು ಬಿಟ್ಟು ಸೈನುಸಾಯ್ಡನ್ನು ಹಿಡಿಯುತ್ತದೆ. ಕಂಟ್ರೋಲಿಗೆ ಗುಲ್ಮದ (ಸ್ಪ್ಲೀನ್) ಸೆಕ್ಷನ್ ಸಾಕು, ಅಲ್ಲಿನ ಸೈನಸ್ ಕೋಶಗಳಿಗೂ ಹತ್ತುತ್ತದೆ. ಸಿರೋಸಿಸ್ ಇದ್ದರೆ ಮಾತ್ರ ಜೊತೆಗೆ ಸಿಡಿ34 ಹಾಕಲೇಬೇಕು: ಸ್ಟ್ಯಾಬಿಲಿನ್-2, ಲೈವ್-1, ಸಿಡಿ32ಬಿ ಮೂರೂ ಇಳಿದು ಸಿಡಿ34 ಏರುತ್ತದೆ. ನೆಗೆಟಿವ್ ಬಂತೆಂದು ಕೋಶವೇ ಇಲ್ಲವೆನ್ನಬೇಡಿ.

ಆ್ಯಂಟಿಬಾಡಿ ಅಂಟಲು ಸೆಕ್ಷನ್ನನ್ನು ಮೊದಲು ಬಫರಿನಲ್ಲಿ ಬಿಸಿ ಮಾಡಬೇಕು (ಆ್ಯಂಟಿಜೆನ್ ರಿಟ್ರೀವಲ್). ಮಡಿಕೇರಿಯಂಥ ಎತ್ತರದಲ್ಲಿ ಇದೇ ಇನ್ನೊಂದು ಪೀಕಲಾಟ. ನೀರು ಇಲ್ಲಿ ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ವಾಟರ್ ಬಾತನ್ನು 98ಕ್ಕೆ ಇಟ್ಟರೆ ಬಫರ್ ಕುದಿದು ಬತ್ತುತ್ತದೆ, ಬಿಸಿ ಮಾತ್ರ ಏರದು. 95ಕ್ಕೇ ಇಟ್ಟು 20ರ ಬದಲು 30 ನಿಮಿಷ ಕೊಡಿ; ಇಲ್ಲವೇ ಅಡುಗೆಮನೆಯ ಕುಕ್ಕರೇ ಆದೀತು, ಒತ್ತಡ ಪೂರ್ತಿ ಬಂದ ಮೇಲೆ 3 ನಿಮಿಷ, ಆಮೇಲೆ ಬಫರಿನಲ್ಲೇ 20 ನಿಮಿಷ ಆರಲಿ. ಟ್ರಿಸ್-ಇಡಿಟಿಎ ಬಫರ್, ಪಿಎಚ್ 9ರಿಂದ ಶುರುಮಾಡಿ, ಆ್ಯಂಟಿಬಾಡಿಯ ಡೈಲ್ಯೂಷನ್ 1:50, 1:100, 1:200 ಮೂರನ್ನೂ ನೋಡಿ. ಮಳೆಗಾಲದಲ್ಲಿ 4 ಮೈಕ್ರಾನ್ ಸೆಕ್ಷನ್ ಚಾರ್ಜ್ಡ್ ಸ್ಲೈಡಿನ ಮೇಲೆ 60 ಡಿಗ್ರಿಯಲ್ಲಿ ಒಂದು ಗಂಟೆ ಒಣಗದಿದ್ದರೆ ಕುಕ್ಕರಿನಲ್ಲೇ ಕಳಚಿ ತೇಲುತ್ತದೆ.

ಬಿಸಿ ಮಾಡಿದ ಲಿವರಿನಲ್ಲಿ ಅದರದ್ದೇ ಬಯೋಟಿನ್ ಹೊರಬಂದು ಇಡೀ ಸ್ಲೈಡ್ ಕಂದಾಗುತ್ತದೆ. ಬಣ್ಣ ತರಿಸಲು, ಬಯೋಟಿನ್‌ಗೆ ಅಂಟುವ ಅವಿಡಿನ್-ಬಯೋಟಿನ್ ಕಿಟ್ ಬಿಟ್ಟು ಪಾಲಿಮರ್ ಕಿಟ್ ಬಳಸಿ.