ರಟ್ಟಿನ ಗ್ರಹಣ ಕನ್ನಡಕ: ಹಾಕಿಕೊಳ್ಳುವ ಹೊತ್ತು, ತೆಗೆಯುವ ಹೊತ್ತು

ಸೂರ್ಯಗ್ರಹಣ ನೋಡಲೆಂದು ಮಾರುವ ರಟ್ಟಿನ ಕನ್ನಡಕವನ್ನು ಕೈಗೆತ್ತಿಕೊಂಡವರಿಗೆ ಮೊದಲು ಮೂಡುವುದು ಅನುಮಾನವೇ. ಮಡಚಿದ ರಟ್ಟು, ಅದರಲ್ಲಿ ಎರಡು ಕಿಂಡಿ, ಕಿಂಡಿಗಳಿಗೆ ಅಂಟಿಸಿದ ಕಪ್ಪು ಹಾಳೆ. ಇಷ್ಟು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಮನೆಯೊಳಗೆ ಹಾಕಿಕೊಂಡು ನೋಡಿದರೆ ಎದುರಿನ ಗೋಡೆ, ಕಿಟಕಿ, ಸ್ವಂತ ಅಂಗೈ ಯಾವುದೂ ಕಾಣುವುದಿಲ್ಲ. ಕೆಲಸಕ್ಕೆ ಬಾರದ್ದು ಎನ್ನಿಸುವಂತೆ ಮಾಡುವ ಈ ಗುಣವೇ ವಾಸ್ತವದಲ್ಲಿ ಅದರ ಮೊದಲ ಪರೀಕ್ಷೆ. ಐಎಸ್‌ಒ 12312-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇಂಥ ಕನ್ನಡಕವು ಗೋಚರ ಬೆಳಕಿನಲ್ಲಿ ಶೇಕಡಾ 0.0032ಕ್ಕಿಂತ ಹೆಚ್ಚನ್ನು ಒಳಗೆ ಬಿಡಕೂಡದು, ಅಂದರೆ ಲಕ್ಷಕ್ಕೆ ಸುಮಾರು ಮೂರು ಪಾಲು ಮಾತ್ರ. ನೇರಳಾತೀತ ಮತ್ತು ಅವಕೆಂಪು ಕಿರಣಗಳಿಗೂ ಅದರಲ್ಲಿ ಮಿತಿಗಳಿವೆ. ಮಾನದಂಡದ ಸಂಖ್ಯೆಯನ್ನು ರಟ್ಟಿನ ಮೇಲೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದ್ದರಿಂದ, ಅಚ್ಚನ್ನಷ್ಟೇ ನಂಬದೆ, ಕನ್ನಡಕದ ಮೂಲಕ ಮನೆಯ ವಸ್ತುಗಳು ಕಾಣುತ್ತಿದ್ದರೆ ಅದನ್ನು ಪಕ್ಕಕ್ಕಿಡುವುದೇ ಲೇಸು. ಅಕ್ಷಿಪಟಲದಲ್ಲಿ ನೋವನ್ನು ತಿಳಿಸುವ ನರಗಳಿಲ್ಲ. ಸುಟ್ಟದ್ದು ಗೊತ್ತಾಗುವುದು ಎಷ್ಟೋ ಗಂಟೆಗಳ ಬಳಿಕ, ದೃಷ್ಟಿಯ ನಡುಭಾಗ ಮಸುಕಾದಾಗ.

ನಾನು ಬಳಸಿದ ಕನ್ನಡಕವನ್ನು ಚಂದ್ರ ಸೂರ್ಯನನ್ನು ಪೂರ್ತಿ ಮರೆಮಾಡುವ ಒಂದು ಖಗ್ರಾಸ ಗ್ರಹಣದ ಆರಂಭದಿಂದ ಕೊನೆಯವರೆಗೂ ಪರೀಕ್ಷಿಸುವ ಅವಕಾಶ ಸಿಕ್ಕಿತು. ಕಪ್ಪು ಪಾಲಿಮರ್ ಹಾಳೆಯಾದ್ದರಿಂದ ಸೂರ್ಯಬಿಂಬ ಕಿತ್ತಳೆ ಬಣ್ಣದಲ್ಲಿ, ಅಂಚು ಕದಡದೆ ಕಾಣುತ್ತದೆ. ಬಿಂಬ ಮಾತ್ರ ನಿರೀಕ್ಷೆಗಿಂತ ಬಹಳ ಚಿಕ್ಕದು: ಆಕಾಶದಲ್ಲಿ ಅದರ ಅಗಲ ಅರ್ಧ ಡಿಗ್ರಿಯಷ್ಟೇ, ಕನ್ನಡಕ ಅದನ್ನು ಹಿಗ್ಗಿಸಿ ತೋರಿಸುವುದಿಲ್ಲ. ಚಂದ್ರನ ಮೊದಲ ಸ್ಪರ್ಶವಾದಾಗ ಬಿಂಬದ ಒಂದು ಅಂಚು ಅರದಿಂದ ಉಜ್ಜಿದ ನಾಣ್ಯದಂತೆ ಚಪ್ಪಟೆಯಾಗುತ್ತದೆ. ಆ ಚಪ್ಪಟೆತನ ಕೆಲವೇ ನಿಮಿಷಗಳಲ್ಲಿ ಸ್ಪಷ್ಟವಾದ ಕಪ್ಪು ಬಾಗಾಗಿ ಒಳಗೆ ಸರಿಯುತ್ತದೆ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ, ದೂರವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಎಂಬುದನ್ನು ಪಾಠದಲ್ಲಿ ಓದಿದವರಿಗೂ, ಆ ಎರಡು ಬಿಂಬಗಳು ಒಂದಕ್ಕೊಂದು ಸರಿಹೊಂದುವುದನ್ನು ಕಣ್ಣೆದುರೇ ಕಂಡಾಗ ಮೈ ಜುಮ್ಮೆನ್ನುತ್ತದೆ.

ದೋಷಗಳೂ ಇವೆ. ದೃಷ್ಟಿದೋಷಕ್ಕೆ ಕನ್ನಡಕ ಹಾಕುವವರಿಗೆ ಇದರ ಕಿವಿಪಟ್ಟಿ ನಿಲ್ಲುವುದಿಲ್ಲ. ಪಕ್ಕದಿಂದ ನುಗ್ಗುವ ಬಿಸಿಲನ್ನು ಕೈಯಿಂದ ಮರೆಮಾಡಬೇಕಾಗುತ್ತದೆ. ಬೆವರು ತಗುಲಿದರೆ ಮೂಗಿನ ಬಳಿ ರಟ್ಟು ಮೆತ್ತಗಾಗುತ್ತದೆ. ದುರ್ಬೀನು ಅಥವಾ ದೂರದರ್ಶಕದ ಹಿಂದೆ ಇದನ್ನು ಹಾಕಿಕೊಂಡು ನೋಡಕೂಡದು. ಮಸೂರ ಕೇಂದ್ರೀಕರಿಸಿದ ಬಿಸಿಲು ಹಾಳೆಯನ್ನೂ ಅದರ ಹಿಂದಿರುವ ಕಣ್ಣನ್ನೂ ಸುಡುತ್ತದೆ. ಅಂಥ ಉಪಕರಣಗಳಿಗೆ ಸೌರ ಶೋಧಕ ಬೇರೆಯೇ ಇದೆ, ಅದನ್ನು ಮುಂದಿನ ಮಸೂರಕ್ಕೆ ಅಳವಡಿಸಬೇಕು.

ಆದರೆ ನನ್ನ ಮುಖ್ಯ ತಕರಾರು ಇರುವುದು ರಟ್ಟಿನ ಒಳಬದಿಯ ಸೂಚನೆಯ ಬಗ್ಗೆ. ಗ್ರಹಣ ಮುಗಿಯುವ ತನಕ ಕನ್ನಡಕ ತೆಗೆಯಬೇಡಿ ಎಂದಷ್ಟೇ ಅಲ್ಲಿ ಅಚ್ಚಾಗಿದೆ. ಪಾರ್ಶ್ವ ಗ್ರಹಣಕ್ಕೂ ಕಂಕಣ ಗ್ರಹಣಕ್ಕೂ ಈ ಮಾತು ಅಕ್ಷರಶಃ ಸರಿ. ಖಗ್ರಾಸ ಗ್ರಹಣದಲ್ಲಿ ಅದನ್ನು ಪಾಲಿಸಿದವರು ನೋಡಲು ಬಂದದ್ದನ್ನೇ ನೋಡದೆ ಹಿಂತಿರುಗುತ್ತಾರೆ. ಕೊನೆಯ ಬೆಳಕಿನ ಎಳೆ ಚಂದ್ರನ ಕಣಿವೆಗಳ ನಡುವೆ ತುಂಡಾಗಿ ಮಣಿಗಳಾಗುವುದು, ಆ ಮಣಿಗಳು ಒಂದೊಂದಾಗಿ ಆರುವುದು, ಇಷ್ಟರವರೆಗೆ ಕನ್ನಡಕದ ಕೆಲಸ. ಕೊನೆಯ ಮಣಿಯೂ ಆರಿ ಹಾಳೆ ಸಂಪೂರ್ಣ ಕಪ್ಪಾದಾಗ ಕನ್ನಡಕ ತೆಗೆದೆ. ಬೆಳಗುವ ಬಿಂಬವಿದ್ದಲ್ಲಿ ಕಪ್ಪು ತಟ್ಟೆ, ಅದರ ಸುತ್ತ ಮುತ್ತಿನ ಬಣ್ಣದ ಕರೋನಾ ಎಂಬ ಸೂರ್ಯನ ಹೊರ ವಾತಾವರಣ, ಕರೋನಾದಿಂದ ಹಲವು ದಿಕ್ಕುಗಳಿಗೆ ಚಾಚಿದ ನೀಳ ಎಳೆಗಳು, ತಟ್ಟೆಯ ಅಂಚಿನಲ್ಲಿ ಗುಲಾಬಿ ಬಣ್ಣದ ಸೌರಜ್ವಾಲೆ. ಹಗಲಲ್ಲೇ ಶುಕ್ರ ಹೊಳೆಯುತ್ತಿತ್ತು, ದಿಗಂತದ ಸುತ್ತಲೂ ಸಂಜೆಯ ಕೆಂಪಿತ್ತು. ಸೂರ್ಯನ ಮೇಲ್ಮೈಗೆ ಹೋಲಿಸಿದರೆ ಕರೋನಾದ ಹೊಳಪು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು, ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನಷ್ಟು. ಆದ್ದರಿಂದಲೇ ಅದು ಬರಿಗಣ್ಣಿಗೆ ಕ್ಷೇಮ, ಆದ್ದರಿಂದಲೇ ಈ ಹಾಳೆಯ ಮೂಲಕ ಅದೃಶ್ಯ. ಮತ್ತೊಂದು ಅಂಚಿನಲ್ಲಿ ಬೆಳಕು ಚಿಮ್ಮಿ ವಜ್ರದುಂಗುರ ಮೂಡಿದೊಡನೆ ಕನ್ನಡಕ ಮರಳಿ ಕಣ್ಣಿಗೇರಬೇಕು. ಈ ಎರಡು ಸಾಲುಗಳನ್ನು ಅಚ್ಚು ಹಾಕಲು ರಟ್ಟಿನಲ್ಲಿ ಧಾರಾಳವಾಗಿ ಜಾಗವಿತ್ತು.

ಶೇಕಡಾ 99 ಮರೆಯಾದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸೂರ್ಯನ ಹೊಳಪು ಹುಣ್ಣಿಮೆಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು. ಉಳಿದ ಒಂದು ಪಾಲೇ ನಾಲ್ಕು ಸಾವಿರ ಹುಣ್ಣಿಮೆಗಳಿಗೆ ಸಮ. ಅಷ್ಟು ಬೆಳಕಿನಲ್ಲಿ ಕರೋನಾ ಕಾಣಲಾರದು, ಕನ್ನಡಕ ತೆಗೆಯುವ ಪ್ರಶ್ನೆಯೂ ಏಳದು.

ಒಟ್ಟಾರೆ ಕೊಳ್ಳಲು ಯೋಗ್ಯವಾದ ವಸ್ತುವೇ. ಗೀರು, ತೂತು, ಸುಕ್ಕು ಬೀಳದಂತೆ ಲಕೋಟೆಯಲ್ಲಿ ಮಡಚದೆ ಇಟ್ಟರೆ ಮುಂದಿನ ಗ್ರಹಣಕ್ಕೂ ಒದಗುತ್ತದೆ. 2027ರ ಆಗಸ್ಟ್ 2ರ ಖಗ್ರಾಸ ಗ್ರಹಣ ಈಜಿಪ್ಟಿನ ಲಕ್ಸರ್ ಬಳಿ ಆರು ನಿಮಿಷಕ್ಕೂ ಮೀರಿ ಉಳಿಯಲಿದೆ. ಚಂದ್ರನ ನೆರಳು ಹಾಯುವ ಆ ಪಥಕ್ಕೆ ಹೋಗುವವರು ಕತ್ತಲಾಗುವ ಮತ್ತು ಬೆಳಕು ಮರಳುವ ಸಮಯಗಳನ್ನು ತಮ್ಮ ಕನ್ನಡಕದ ರಟ್ಟಿನ ಮೇಲೆ ಮೊದಲೇ ಬರೆದುಕೊಳ್ಳಲಿ. ತಯಾರಕರು ಬಿಟ್ಟದ್ದನ್ನು ಪೆನ್ನಿನಿಂದ ಸೇರಿಸಲು ಒಂದು ನಿಮಿಷ ಸಾಕು.