ನಾಲ್ಕು ವರ್ಷ, 78 ಸಾವಿರ ಕಿ.ಮೀ.: ಸೆಕೆಂಡ್ ಹ್ಯಾಂಡ್ ಡಸ್ಟರ್ ಫೋರ್ ವೀಲ್ ಡ್ರೈವ್ ಜೊತೆ

ಮನೆ ದಾವಣಗೆರೆ, ಕೆಲಸ ಚಿತ್ರದುರ್ಗ. ವಾರಕ್ಕೆ ಮೂರು ದಿನ ಹೋಗಿ ಬರಬೇಕು. ಒಂದು ಕಡೆಗೆ ಸುಮಾರು 60 ಕಿ.ಮೀ., ಪೂರ್ತಿ ಹೈವೇ. ಭಾನುವಾರ ಬಂತೆಂದರೆ ಭರಮಸಾಗರದ ಒಳಗಡೆ ಇರುವ ನಮ್ಮ ಹೊಲ. ಅಲ್ಲಿ ಕೊನೆಯ ಎರಡು ಕಿ.ಮೀ. ಬಂಡಿ ದಾರಿ. ಎರೆ ಮಣ್ಣು, ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ನಮ್ಮ ಹಳೆಯ ಸ್ವಿಫ್ಟ್ ಡಾಂಬರು ಮುಗಿಯುವ ಕಡೆಯೇ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ನಾನು ಪ್ಯಾಂಟ್ ಮಡಚಿ ನಡೆಯುತ್ತಿದ್ದೆ.

ಅದಕ್ಕೇ 2021ರಲ್ಲಿ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿ, ಹುಡುಕಲು ಶುರು ಮಾಡಿದೆ. ಮೊದಲು ಮನಸ್ಸಿಗೆ ಬಂದಿದ್ದು ಥಾರ್. ಎಲ್ಲರಿಗೂ ಅದೇ ಬರುತ್ತೆ, ಅಲ್ವಾ? ಗೆಳೆಯನ ಹಳೆಯ ಥಾರ್ ಸಿಆರ್‌ಡಿಇ ಒಂದು ದಿನದ ಮಟ್ಟಿಗೆ ತಗೊಂಡು ಚಿತ್ರದುರ್ಗಕ್ಕೆ ಹೋಗಿ ಬಂದೆ. 2.5 ಲೀಟರ್ ಎಂಜಿನ್, ಕಷ್ಟದ ಜಾಗದಲ್ಲಿ ನಿಧಾನಕ್ಕೆ, ಬಲವಾಗಿ ಎಳೆಯುವ ಲೋ ಗೇರ್ ಇರುವ ನಿಜವಾದ ಫೋರ್ ವೀಲ್. ಹಳ್ಳಕ್ಕೆ ಇಳಿಸಿದರೆ ಸುಮ್ನೆ ನಡೆದುಕೊಂಡು ಹೋದ ಹಾಗೆ ದಾಟಿತು. ಆದರೆ ಹಿಂದೆ ಇರುವುದು ಲಾರಿಯಲ್ಲಿರುವಂಥ ಪಟ್ಟಿಗಳ ಲೀಫ್ ಸ್ಪ್ರಿಂಗು. ಹೆಬ್ಬಾಳು ಟೋಲ್ ದಾಟುವ ಹೊತ್ತಿಗೆ ನನ್ನ ಸೊಂಟಕ್ಕೆ ವಿಷಯ ಗೊತ್ತಾಗಿತ್ತು. ಅಮ್ಮನಿಗೆ ಮಂಡಿ ನೋವು, ಅಷ್ಟು ಎತ್ತರ ಹತ್ತಲು ಆಗುವುದೇ ಇಲ್ಲ. ಸಫಾರಿ ಸ್ಟಾರ್ಮ್‌ನ 4x4 ಕೂಡ ನೋಡಿದೆ, ಚೆನ್ನಾಗಿತ್ತು. ಮಂಡಿಪೇಟೆಯಲ್ಲಿ ಅದನ್ನು ನಿಲ್ಲಿಸುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ನಾನು ಓಡಿಸುವ ನೂರು ಕಿ.ಮೀ.ಯಲ್ಲಿ ಕೆಸರು ಇರುವುದು ಒಂದೋ ಎರಡೋ ಕಿ.ಮೀ. ಅದಕ್ಕಾಗಿ ಉಳಿದ 98 ಕಿ.ಮೀ. ಕಷ್ಟಪಡಬೇಕಾ? ಹಾಗೆ ರೆನೋ ಕಂಪನಿಯ ಡಸ್ಟರ್ ಎಡಬ್ಲ್ಯೂಡಿ (ಡಸ್ಟರಿನ ಫೋರ್ ವೀಲ್ ಮಾಡೆಲ್) ಕಡೆಗೆ ಬಂದೆ. 1.5 ಲೀಟರ್ ಡೀಸೆಲ್, 110 ಪಿಎಸ್, ಆರು ಗೇರ್, ನೆಲದಿಂದ 210 ಮಿ.ಮೀ. ಎತ್ತರ. ಲೋ ಗೇರ್ ಇಲ್ಲ, ಅದರ ಬದಲು ಮೊದಲನೇ ಗೇರನ್ನೇ ನಿಧಾನಕ್ಕೆ, ಬಲವಾಗಿ ಎಳೆಯುವ ಹಾಗೆ ತುಂಬಾ ಚಿಕ್ಕದು ಮಾಡಿದ್ದಾರೆ. ಕಾರಿನ ಹಾಗೆ ಓಡುತ್ತೆ, ಬೇಕಾದಾಗ ಹಿಂದಿನ ಚಕ್ರಕ್ಕೂ ಬಲ ಹೋಗುತ್ತೆ.

ಗಾಡಿ ಹುಡುಕುವಾಗ ಮೂರು ತಿಂಗಳು ಹೋಯಿತು. ದೆಹಲಿಯಲ್ಲಿ ಡೀಸೆಲ್‌ಗೆ 10 ವರ್ಷದ ಮಿತಿ ಇದ್ದಿದ್ದರಿಂದ ಅಲ್ಲಿನ ಗಾಡಿಗಳು ಅಗ್ಗಕ್ಕೆ ಬರುತ್ತಿದ್ದವು. ನಮ್ಮ ಕಡೆ ಆ ಮಿತಿ ಇಲ್ಲ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಒಪ್ಪಿಗೆ ಪತ್ರ) ತಂದು, ಇಲ್ಲಿನ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಿದ ಮೇಲೆ ಅಗ್ಗ ಅನ್ನುವುದು ಎಲ್ಲಿ ಉಳಿಯುತ್ತೆ? ಕೆಎ ನಂಬರೇ ಸಾಕು ಅಂದುಕೊಂಡೆ.

ಒಬ್ಬ ಡೀಲರ್ ಹತ್ತಿರ ಒಂದು ದೊಡ್ಡ ಎಸ್‌ಯುವಿ ಇತ್ತು. ಪಾಲಿಶ್ ಹೊಡೆದು ಮದುವೆ ಮನೆ ಹಾಗೆ ಮಾಡಿದ್ದರು. ನನ್ನ ಜೊತೆ ಬಂದಿದ್ದ ಗ್ಯಾರೇಜ್ ಮೇಸ್ತ್ರಿ ಬಾನೆಟ್ ತೆಗೆಯಲೇ ಇಲ್ಲ. ಡ್ರೈವರ್ ಸೀಟ್ ಬೆಲ್ಟ್ ಹಿಡಿದು ಎಳೆದರು, ಎಳೆದರು, ಕೊನೆ ತನಕ ಎಳೆದರು. ಯಾರೂ ಅಷ್ಟು ದೂರ ಎಳೆಯದ ಕೊನೆಯ ಒಂದು ಗೇಣು ಪಟ್ಟಿಯಲ್ಲಿ ಮಣ್ಣಿನ ಬಣ್ಣದ ಗೆರೆ. ಸೀಟಿನ ಕಂಬಿ ಸಂದಿಗೆ ಬೆರಳು ಹಾಕಿದರೆ ಒಣಗಿದ ಮೆತ್ತನೆಯ ಹುಡಿ. "ಈ ಗಾಡಿ ಈಜಾಡಿ ಬಂದೈತ್ರಿ ಸರ, ನಡೀರಿ ಚಾ ಕುಡಿಯಾಣ" ಅಂದರು. ಡೀಲರ್ ಮುಖ ನೋಡಲು ನಾನು ನಿಲ್ಲಲಿಲ್ಲ.

ಕೊನೆಗೆ ಸಿಕ್ಕಿದ್ದು 2015ರ ಮಾಡೆಲ್, 84 ಸಾವಿರ ಓಡಿದ್ದು, ಒಬ್ಬರೇ ಮಾಲೀಕರು. 5 ಲಕ್ಷ 40 ಸಾವಿರಕ್ಕೆ ಮಾತು ಮುಗಿಯಿತು. ಮುಂಚೆಯೇ ಫೋನ್ ಮಾಡಿ "ನಾವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿದ್ದೆ. ಡೀಸೆಲ್ ಗಾಡಿಯ ನಿಜ ಬಣ್ಣ ತಣ್ಣಗಿದ್ದಾಗಲೇ ಗೊತ್ತಾಗೋದು. ಮೇಸ್ತ್ರಿ ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದರು. ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ಅಲ್ಲಾಡುತ್ತಾ, ಆ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ ಸುತ್ತ ಎಣ್ಣೆ ಜಿನುಗಿದೆಯಾ ನೋಡಿದರು. ನಾಲ್ಕೂ ಟೈರ್ ಒಂದೇ ಸೈಜು, ಒಂದೇ ಸವೆತ ಇದೆಯಾ ಅಂತಲೂ ನೋಡಿದರು. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಒಂದು ಟೈರ್ ಹೊಸದು, ಉಳಿದವು ಬೋಳು ಅಂತಾದರೆ ಹಿಂದಿನ ಚಕ್ರಕ್ಕೆ ಬಲ ಕೊಡುವ ಕ್ಲಚ್ ಸುಮ್ಮನೆ ಉಜ್ಜುತ್ತಾ ಕೂರುತ್ತೆ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಇನ್ನೂ ಇತ್ತು. ಅದನ್ನು ತೆಗೆಸಿ ಕೊಟ್ಟ ಮೇಲೇ ದುಡ್ಡು ಕೊಟ್ಟಿದ್ದು.

ಈಗ ಬಳಕೆಯ ಮಾತು.

ಹೈವೇಯಲ್ಲಿ ಒಂದು ದೂರೂ ಇಲ್ಲ. ಹಿಂದೆಯೂ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡೂ ಚಕ್ರ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವಂಥದ್ದು) ಇರುವುದರಿಂದ ಕೆಟ್ಟ ರಸ್ತೆಯಲ್ಲಿ ಗಾಡಿ ಕುಣಿಯಲ್ಲ, ಅಮ್ಮ ಹಿಂದೆ ನಿದ್ದೆ ಮಾಡುತ್ತಾರೆ. 90ರಲ್ಲಿ ಹೋದರೆ 16 ಕಿ.ಮೀ. ಮೈಲೇಜ್ ಬರುತ್ತೆ, ಹೊಲಕ್ಕೆ ಹೋದ ವಾರ 13ಕ್ಕೆ ಇಳಿಯುತ್ತೆ. ಊರೊಳಗೆ ಮಾತ್ರ ಕ್ಲಚ್ ಭಾರ. ಟರ್ಬೊ ಎಚ್ಚರ ಆಗುವುದು 1,750 ಆರ್‌ಪಿಎಂ ಹತ್ತಿರ, ಅಲ್ಲಿವರೆಗೂ ಎಂಜಿನ್ ಆಕಳಿಸುತ್ತೆ. ಪಿ.ಬಿ. ರಸ್ತೆ ಸಿಗ್ನಲ್‌ನಲ್ಲಿ ಮೊದಲನೇ ಗೇರ್ ಹಾಕಿದ ಮರುಕ್ಷಣವೇ ಎರಡನೇದು ಹಾಕಬೇಕು. ಈಗ ನಾನು ಸಮತಟ್ಟಿನಲ್ಲಿ ಎರಡನೇ ಗೇರಿನಲ್ಲೇ ಹೊರಡುತ್ತೇನೆ. ಸ್ಟೆಪ್ನಿ ಡಿಕ್ಕಿಯ ಒಳಗೇ ಇರುವುದರಿಂದ ಜಾಗ ಸ್ವಲ್ಪ ಕಡಿಮೆ.

ಇನ್ನು ಕೆಸರು. 2022ರ ಪುಷ್ಯ ಮಳೆ ಹಿಡಿದಿತ್ತು. ಫೋರ್ ವೀಲ್ ಗುಂಡಿಯನ್ನು ಆಟೋದಿಂದ ತಿರುಗಿಸಿ, ಹಿಂದಿನ ಚಕ್ರಕ್ಕೂ ಬಿಡದೆ ಬಲ ಕೊಡುವ ಲಾಕ್‌ಗೆ ಹಾಕಿ ಧೈರ್ಯವಾಗಿ ಬಂಡಿ ದಾರಿಗೆ ಇಳಿದೆ. ಕೆಂಪು ಮಣ್ಣಿನ ತುಂಡು ಆರಾಮಾಗಿ ದಾಟಿತು. ಎರೆ ಬಂತು ನೋಡಿ, ನೂರು ಅಡಿಯಲ್ಲಿ ಟೈರಿನ ಗೆರೆಗಳೆಲ್ಲ ತುಂಬಿ ನಾಲ್ಕೂ ಚಕ್ರ ನಾಲ್ಕು ಮುದ್ದೆ ಆಗಿಬಿಟ್ಟವು. ತಿರುಗುತ್ತವೆ, ಗಾಡಿ ಮುಂದೆ ಹೋಗಲ್ಲ, ಪಕ್ಕಕ್ಕೆ ಜಾರುತ್ತೆ. ನಾನು ಸಿಟ್ಟಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರಕ್ಕೆ ಬಲ ಕೊಡುವ ಕ್ಲಚ್ ಕಾದು ತಾನೇ ಫೋರ್ ವೀಲ್ ಕೈಬಿಟ್ಟಿತು. ತಪ್ಪು ನನ್ನದೇ. ಹಾಗೆ ಒಂದೇ ಕಡೆ ಚಕ್ರ ಗಿರಗಿರ ತಿರುಗಿಸಿದರೆ ಈ ನಮೂನೆಯ ಕ್ಲಚ್ ಬಿಸಿಯಾಗಿ ತನ್ನನ್ನು ತಾನು ಉಳಿಸಿಕೊಳ್ಳುತ್ತೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿಹೋಗುತ್ತೆ. ಪಕ್ಕದ ಹೊಲದವರು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿದರು. "ನಿಮ್ದು ಫೋರ್ ವೀಲ್ ಅಂದಿದ್ರಲ್ರೀ. ನಮ್ದು ಬರೀ ಹಿಂದಿನವೆರಡೇ ತಿರುಗೋದು ನೋಡ್ರಿ" ಅಂದರು. ಊರಲ್ಲಿ ಈಗಲೂ ಆ ಮಾತು ನಡೀತಾ ಇದೆ.

ಆವತ್ತೇ ಗೊತ್ತಾಗಿದ್ದು, ನನಗೆ ಬೇಕಾಗಿದ್ದು ಟೈರು. 215/65 ಆರ್16 ಅಳತೆಯಲ್ಲೇ ಆಲ್ ಟೆರೇನ್, ಅಂದರೆ ಡಾಂಬರು, ಮಣ್ಣು ಎರಡಕ್ಕೂ ಆಗುವ ಟೈರ್ ಹಾಕಿಸಿದೆ. ಮಣ್ಣನ್ನು ಕೊಡವಿ ಬಿಸಾಕುತ್ತೆ. ಹೈವೇಯಲ್ಲಿ ಸಣ್ಣ ಗುಂಯ್ ಸದ್ದು, ಮೈಲೇಜಿನಲ್ಲಿ ಒಂದು ಕಿ.ಮೀ. ನಷ್ಟ. ಜೋರು ಮಳೆ ಬಿದ್ದ ಮಾರನೇ ದಿನ ಈಗಲೂ ಎರೆಗೆ ಇಳಿಯುವುದಿಲ್ಲ, ಎರಡು ಬಿಸಿಲು ಕಾಯುತ್ತೇನೆ. ದುರ್ಗದ ಸುತ್ತಲಿನ ಗರಸು ರಸ್ತೆ, ಕಲ್ಲು ದಾರಿಗಳಲ್ಲಿ ಗುಂಡಿಯನ್ನು ಆಟೋದಲ್ಲಿಟ್ಟರೆ ಸಾಕು, ಲಾಕ್ ಬೇಕಾಗುವುದೇ ಇಲ್ಲ. ಜೋಗಿಮಟ್ಟಿ ಮಾತ್ರ ವನ್ಯಜೀವಿ ಧಾಮ. ಅಲ್ಲಿ ದಾರಿ ಬಿಟ್ಟು ಗಾಡಿ ಇಳಿಸುವ ಆಸೆ ಇಟ್ಟುಕೊಳ್ಳಬೇಡಿ.

ಖರ್ಚು: ತಗೊಂಡ ತಿಂಗಳಲ್ಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಬದಲಿಸಿದೆ, 14 ಸಾವಿರ. ಹಳೆಯ ಮಾಲೀಕರು "ಮಾಡ್ಸಿದೀನಿ" ಅಂದಿದ್ದರು, ಬಿಲ್ ಇರಲಿಲ್ಲ. ಆ ಬೆಲ್ಟ್ ಕಡಿದರೆ ಎಂಜಿನ್ನೇ ಹೋಗುತ್ತೆ, ಬಾಯಿ ಮಾತು ನಂಬುವ ಹಾಗಿಲ್ಲ. 1 ಲಕ್ಷ 20 ಸಾವಿರ ಕಿ.ಮೀ. ಓಡಿದಾಗ ಕ್ಲಚ್ ಸವೆದಿತ್ತು, ಎಲ್ಲ ಸೇರಿ 46 ಸಾವಿರ ರೂಪಾಯಿ. ಟೈರ್ ಬೇರೆ. ಎಂಜಿನ್ ಸಾಮಾನಿಗೆ ಪರದಾಡಿಲ್ಲ. ಇದೇ ಡೀಸೆಲ್ ಎಂಜಿನ್ ಟೆರಾನೊದಲ್ಲಿ, ಸನ್ನಿಯಲ್ಲಿ, ವೆರಿಟೊ ಟ್ಯಾಕ್ಸಿಗಳಲ್ಲೂ ಇತ್ತು. ಫೋರ್ ವೀಲ್‌ಗೆ ಸೇರಿದ ಸಾಮಾನು ಬೇಕಾದರೆ ಮಾತ್ರ ಕಾಯಬೇಕು. ಹಿಂದಿನ ಶಾಫ್ಟಿನ ಒಂದು ರಬ್ಬರಿಗೆ 19 ದಿನ ಕಾದೆ. ಎರಡನೇ ಗಾಡಿ ಇಲ್ಲದವರು ಇದನ್ನು ಯೋಚಿಸಿಯೇ ಮುಂದುವರಿಯಬೇಕು. 2020ರಲ್ಲಿ ಹೊಗೆಯ ಹೊಸ ನಿಯಮ ಬಿಎಸ್6 ಬಂದಾಗ ಈ ಡೀಸೆಲ್ ನಿಂತೇ ಹೋಯಿತು, ಹಾಗಾಗಿ ಇರುವವೆಲ್ಲ ಹಳೆಯವೇ.

ದಿನಾ ಕಲ್ಲು ಬಂಡೆ ಹತ್ತುವವರು ಥಾರೇ ತಗೊಳ್ಳಿ. ನನ್ನ ಹಾಗೆ ಹೈವೇ ಜಾಸ್ತಿ, ಹೊಲ ಕಮ್ಮಿ ಇರುವವರಿಗೆ ಇದು ಸಾಕು. ನನ್ನ ಗಾಡಿಯ ಆರ್‌ಸಿ 2030ರವರೆಗೆ ಇದೆ. ಭಾವ ಮೂರು ಸಲ ಕೇಳಿದ್ದಾನೆ, ಕೊಟ್ಟಿಲ್ಲ. ಡಿಕ್ಕಿಯಲ್ಲಿ ಈಗ ಒಂದು ದಪ್ಪ ಹಗ್ಗ ಸದಾ ಇರುತ್ತೆ.